ಲಾಡ್ಜ್ ಬಾಯ್ಲರಿನ ಡಿಜಿಟಲ್ ಮೆನು: ಯಾವ ಬಟನ್ ಯಾವಾಗ, ಎಷ್ಟು

ಬೆಳಗಿನ ಐದೂಮುಕ್ಕಾಲಿಗೆ ಫೋನು. ಮೈಸೂರಿನ ಬಸ್ ಸ್ಟ್ಯಾಂಡ್ ಆಸುಪಾಸಿನ ಒಂದು ಲಾಡ್ಜಿನ ನೈಟ್ ಡ್ಯೂಟಿ ಹುಡುಗ, ಮಳವಳ್ಳಿ ಕಡೆಯವನು. "ಅಣ್ಣಾ, ಬೋರ್ಡಲ್ಲಿ ಐವತ್ತೆಂಟು ತೋರಿಸ್ತಾ ಅದೆ, ನಲ್ಲೀಲಿ ಮಾತ್ರ ತಣ್ಣೀರೇ ಬತ್ತಾ ಅದೆ. ಮೂರನೇ ಫ್ಲೋರ್‌ನೋರು ಬಕೆಟ್ ಹಿಡ್ಕೊಂಡು ಕೆಳಗಿಳಿದವ್ರೆ."

ನಾನು ಹೋಗುವಷ್ಟರಲ್ಲಿ ಅವನು ಬಟನ್ ಒತ್ತಿ ಒತ್ತಿ 60 ಇದ್ದ ಸೆಟ್ಟಿಂಗನ್ನು 75ಕ್ಕೆ ಏರಿಸಿದ್ದ. ಇನ್ನಷ್ಟು ಕಾಯಲಿ ಎಂಬ ಲೆಕ್ಕ. ಹಂಡೆ ಒಲೆಯ ಕಾಲದಲ್ಲಿ ಅದು ಸರಿಯಾದ ಲೆಕ್ಕವೇ: ನೀರು ಸಾಲದಿದ್ದರೆ ಇನ್ನೆರಡು ಸೌದೆ ತುರುಕು. ಇಲ್ಲಿ ನೀರು ಕಾದೇ ಇತ್ತು. ಕೆಟ್ಟಿದ್ದು ಗಡಿಯಾರ. ಹಿಂದಿನ ದಿನ ಇಡೀ ದಿನ ಕರೆಂಟ್ ಇರಲಿಲ್ಲ, ಕಂಟ್ರೋಲರಿನೊಳಗಿನ ಬಟನ್ ಸೆಲ್ ಸತ್ತಿತ್ತು, ಕರೆಂಟ್ ಬಂದ ಮೇಲೆ ಯಾರೋ ಟೈಮ್ ಸರಿಮಾಡುವಾಗ ರಾತ್ರಿ ಎಂಟನ್ನು ಬೆಳಗಿನ ಎಂಟು ಮಾಡಿದ್ದರು. ಬೆಳಗಿನ ಐದಕ್ಕೆ ನೀರನ್ನು ಮಹಡಿಗಳಿಗೆ ಸುತ್ತಿಸಬೇಕಾದ ಪಂಪು ಸಂಜೆ ಐದಕ್ಕೆ ಕಾಯುತ್ತ ಕೂತಿತ್ತು.

ಹನ್ನೊಂದು ವರ್ಷದಿಂದ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಲಾಡ್ಜು, ಹಾಸ್ಟೆಲ್ಲು, ಛತ್ರಗಳ ಬಿಸಿನೀರಿನ ಕೆಲಸ ಮಾಡಿಕೊಂಡು ಬಂದಿದ್ದೇನೆ. "ನೀರು ಬಿಸಿ ಇಲ್ಲ" ಎಂದು ಬಂದ ಫೋನುಗಳಲ್ಲಿ ಡಿಗ್ರಿ ಏರಿಸಿ ಸರಿಹೋದದ್ದು ಬೆರಳೆಣಿಕೆಯಷ್ಟು. ಮಿಕ್ಕವೆಲ್ಲ ಟೈಮರು, ಡಿಫರೆನ್ಷಿಯಲ್ಲು, ಪಂಪು, ಇಲ್ಲವೇ ಒಂದು ಫೇಸು. ಆದ್ದರಿಂದ ಡಿಗ್ರಿಯಷ್ಟೇ ಅಲ್ಲ, ಮೆನುವಿನ ಮಿಕ್ಕ ಪುಟಗಳನ್ನೂ ಒಂದೊಂದಾಗಿ ಹೇಳುತ್ತೇನೆ.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ: 24 ರೂಮಿನ ಲಾಡ್ಜು, 1000 ಲೀಟರ್ ಟ್ಯಾಂಕು, ನೀರು ಕಾಯಿಸಲು ತ್ರೀ ಫೇಸಿನ 12 ಕಿಲೋವ್ಯಾಟ್ ಕಾಯಿಲ್, ಒಂದು ಸರ್ಕ್ಯುಲೇಷನ್ ಪಂಪು, ಗೋಡೆಗೆ ಹೊಡೆದ ಪ್ಯಾನಲ್ ಬೋರ್ಡಿನಲ್ಲಿ ಒಂದು ಡಿಜಿಟಲ್ ಕಂಟ್ರೋಲರ್. ನಿಮ್ಮದು ಹೀಟ್ ಪಂಪೋ ಡೀಸೆಲ್ ಬರ್ನರೋ ಆಗಿದ್ದರೂ ಮೆನುವಿನ ಮರ್ಮ ಇದೇ. ಹಬೆ ಬಾಯ್ಲರ್ ಮಾತ್ರ ಬೇರೆ ಜಾತಿ. ಅದಕ್ಕೆ ಬಾಯ್ಲರ್ ಕಾಯ್ದೆ, ತಪಾಸಣೆ, ಸರ್ಟಿಫಿಕೇಟು ಎಲ್ಲ ಇದೆ. ನೀರನ್ನು 100 ಡಿಗ್ರಿಯ ಒಳಗೇ ಕಾಯಿಸುವ ನಮ್ಮ ಟ್ಯಾಂಕುಗಳು 1923ರ ಕಾಯ್ದೆಯಲ್ಲೂ ಅದರ ಜಾಗಕ್ಕೆ ಬಂದ 2025ರ ಕಾಯ್ದೆಯಲ್ಲೂ ಆ ಲೆಕ್ಕಕ್ಕೆ ಬರುವುದಿಲ್ಲ. ಕೇಳುವವರಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ, ಅದು ಮುಂದೆ ಬರುತ್ತದೆ.

ಮೊದಲ ಕೆಲಸ: ಫೋಟೋ

ಏನನ್ನೂ ಬದಲಿಸುವ ಮೊದಲು ಮೊಬೈಲ್ ತೆಗೆಯಿರಿ. ಮೆನುವಿನ ಒಂದೊಂದೇ ಪುಟಕ್ಕೆ ಹೋಗಿ, ಹೆಸರೂ ಅಂಕಿಯೂ ಕಾಣುವಂತೆ ಫೋಟೋ ಹೊಡೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ನಾನಿದನ್ನು ಕಲಿತದ್ದು ತಪ್ಪು ಮಾಡಿ. ಒಂದು ಹಾಸ್ಟೆಲಿನಲ್ಲಿ ಮೆಕ್ಯಾನಿಕ್‌ಗಳಿಗೆಂದೇ ಇರುವ ಸರ್ವಿಸ್ ಮೆನುವಿನೊಳಗೆ ಕುತೂಹಲಕ್ಕೆ ಹೊಕ್ಕು, ಸೆನ್ಸರ್ ಯಾವ ಬಗೆಯದು ಎಂಬ ಪುಟದಲ್ಲಿ ಪಿಟಿ-100 ಇದ್ದದ್ದನ್ನು ಗೊತ್ತಿಲ್ಲದೆ ಕೆ ಟೈಪ್ ಮಾಡಿ ಹೊರಬಂದಿದ್ದೆ. ಪಿಟಿ-100 ಅಂದರೆ ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಪ್ಲಾಟಿನಂ ತಂತಿ. ಕೆ ಟೈಪ್ ಎರಡು ಲೋಹದ ಜೋಡಿ, ಕೊಡುವುದು ಮಿಲಿವೋಲ್ಟು. ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಡಿಸ್‌ಪ್ಲೇ ಮೇಲೆ ಬಂದ ಅಂಕಿಗೂ ನೀರಿಗೂ ಸಂಬಂಧವೇ ಇರಲಿಲ್ಲ. ಹಳೆಯ ಸೆಟ್ಟಿಂಗ್ ಏನಿತ್ತೆಂದು ನೆನಪಿಲ್ಲದೆ ಅರ್ಧ ದಿನ ಹೋಯಿತು.

ಎರಡು ಅಂಕಿ, ನಾಲ್ಕು ಬಟನ್

ಸಾಮಾನ್ಯವಾಗಿ ಮೇಲೆ ದೊಡ್ಡದಾಗಿ ಕಾಣುವುದು ಈಗಿನ ಉಷ್ಣತೆ, ಪಿವಿ ಅನ್ನುತ್ತಾರೆ. ಕೆಳಗಿನ ಚಿಕ್ಕ ಅಂಕಿ ನೀವು ಕೇಳಿದ ಉಷ್ಣತೆ, ಎಸ್‌ವಿ. ಒಂದೇ ಸಾಲಿನ ಅಗ್ಗದ ಕಂಟ್ರೋಲರಿನಲ್ಲಿ ಸದಾ ಪಿವಿ ಕಾಣುತ್ತದೆ, ಸೆಟ್ ಒತ್ತಿದಾಗ ಮಾತ್ರ ಎಸ್‌ವಿ.

ಪಿವಿ ಅನ್ನುವುದು ಸೆನ್ಸರ್ ಕೂತ ಜಾಗದ ಉಷ್ಣತೆ, ಅಷ್ಟೇ. ಟ್ಯಾಂಕಿನಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ. ಸೆನ್ಸರ್ ಮೇಲ್ಭಾಗದಲ್ಲಿದ್ದರೆ ಬೋರ್ಡಿನಲ್ಲಿ 58 ಕಾಣುವಾಗ ಅಡಿಯಲ್ಲಿ 30 ಇರಬಹುದು. ಮೂರನೇ ಮಹಡಿಯ ನಲ್ಲಿಯ ಉಷ್ಣತೆಯಂತೂ ಬೋರ್ಡಿಗೆ ಗೊತ್ತೇ ಆಗುವುದಿಲ್ಲ.

ಬಟನ್ನುಗಳು ಸೆಟ್, ಮೇಲೆ, ಕೆಳಗೆ, ಕೆಲವದರಲ್ಲಿ ಹಿಂದಕ್ಕೆ. ಸೆಟ್ ಅನ್ನು ಒಮ್ಮೆ ತಟ್ಟಿ ಬಿಟ್ಟರೆ ಬಳಕೆದಾರರ ಮೆನು. ಮೂರ್ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಸರ್ವಿಸ್ ಮೆನು. ಹೆಚ್ಚಿನ ಅನಾಹುತ ಶುರುವಾಗುವುದು ಇಲ್ಲೇ: ಬಟನ್ ಕೇಳಿಸಲಿಲ್ಲ ಎಂದು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಒಳಮನೆಗೆ ಹೋಗಿಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಏನನ್ನೂ ಮುಟ್ಟದೆ ಕೈಕಟ್ಟಿ ನಿಲ್ಲಿ. ಒಂದಷ್ಟು ಹೊತ್ತು ಬಟನ್ ಒತ್ತದಿದ್ದರೆ ಅದೇ ಮೊದಲ ಪುಟಕ್ಕೆ ವಾಪಸ್ ಬರುತ್ತದೆ. ಹಾಗೆ ತಾನೇ ವಾಪಸಾದಾಗ ಕೆಲವು ಮಾಡೆಲುಗಳು ನಿಮ್ಮ ಬದಲಾವಣೆಯನ್ನು ಉಳಿಸುತ್ತವೆ, ಕೆಲವು ಮರೆಯುತ್ತವೆ. ಆದ್ದರಿಂದ ಬದಲಿಸಿದ ಮೇಲೆ ಸೆಟ್ ಒತ್ತಿ ಉಳಿಸಿ, ಮತ್ತೊಮ್ಮೆ ಒಳಹೋಗಿ ಅಂಕಿ ಉಳಿದಿದೆಯೇ ನೋಡಿ.

ಇನ್ನೊಂದು ಸಣ್ಣ ಕಿರಿಕಿರಿ. ಏಳು ಗೀಟಿನ ಕೆಂಪು ಡಿಸ್‌ಪ್ಲೇಯಲ್ಲಿ ಇಂಗ್ಲಿಷಿನ ಎಸ್ ಅಕ್ಷರವೂ 5 ಅಂಕಿಯೂ ಒಂದೇ ಥರ. ಓ ಅಕ್ಷರ, 0 ಅಂಕಿಯೂ ಹಾಗೇ. "ಐದು ಪಿ ಅಂತ ಬತ್ತಾ ಅದೆ" ಅಂದರೆ ಅದು ಎಸ್‌ಪಿ, ಅಂದರೆ ಸೆಟ್ ಪಾಯಿಂಟು.

ಎಷ್ಟು ಡಿಗ್ರಿ ಇಡಬೇಕು

ಟ್ಯಾಂಕಿಗೆ 60. ದಸರಾ ಒಂದು ಬಿಟ್ಟು ವರ್ಷವಿಡೀ 60. ಇದರಲ್ಲಿ ನನ್ನದು ಹಟದ ಮಾತೇ.

ಕಡಿಮೆ ಇಡಬಾರದೇಕೆಂದರೆ, ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಕುಡಿದದ್ದರಿಂದಲ್ಲ, ಶವರಿನ ತುಂತುರು ಉಸಿರಿನೊಳಗೆ ಹೋದಾಗ ನ್ಯುಮೋನಿಯಾ ತರುತ್ತದೆ. ಅದು ಮೊದಲು ಪತ್ತೆಯಾದದ್ದೂ 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಉಳಿದವರು ಸಾಲಾಗಿ ಕಾಯಿಲೆ ಬಿದ್ದ ಮೇಲೆ. 60 ಡಿಗ್ರಿಯಲ್ಲಿ ಅದು ಬಾಳುವುದಿಲ್ಲ.

ಹೆಚ್ಚು ಇಡಬಾರದೇಕೆಂದರೆ, ಮಂಡ್ಯ ಕಡೆಯ ಬೋರ್‌ವೆಲ್ ನೀರು. ಗಡಸು ನೀರು 60 ದಾಟಿತೆಂದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುವ ವೇಗ ಜಾಸ್ತಿ. ಕಾವೇರಿ ನೀರು ಬರುವ ಮೈಸೂರಿನ ಲಾಡ್ಜಿನಲ್ಲಿ ವರ್ಷಗಟ್ಟಲೆ ಬಾಳಿದ ಕಾಯಿಲ್ ಬೋರ್‌ವೆಲ್ ನೀರಿನ ಛತ್ರದಲ್ಲಿ ಒಂದೇ ವರ್ಷಕ್ಕೆ ಬೆಣ್ಣೆ ಬಿಸ್ಕತ್ತಿನಂತೆ ಬೆಳ್ಳಗೆ ದಪ್ಪಗಾಗಿ ಹೊರಬಂದದ್ದನ್ನು ಕಂಡಿದ್ದೇನೆ.

60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳದ್ದು ಇನ್ನೂ ಬೇಗ. ಆದ್ದರಿಂದ ನಲ್ಲಿಯ ಹತ್ತಿರವೇ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿ ನಲ್ಲಿಗೆ 45ರ ಆಸುಪಾಸು ಬರುವಂತೆ ಮಾಡುವುದು ಒಳ್ಳೆಯದು. ಇದು ಮೆನುವಿನ ಕೆಲಸ ಅಲ್ಲ, ಪ್ಲಂಬರಿನ ಕೆಲಸ. ಮೆನುವಿನಲ್ಲಿ ನೀವು ಮಾಡಬಹುದಾದ್ದು, ಸೆಟ್ ಪಾಯಿಂಟಿನ ಗರಿಷ್ಠ ಮಿತಿ ಎಂಬ ಪುಟ ಹುಡುಕಿ ಅದನ್ನು 70ಕ್ಕೆ ಕಟ್ಟಿಹಾಕುವುದು. ಆಮೇಲೆ ಯಾರು ಎಷ್ಟು ಒತ್ತಿದರೂ 70 ದಾಟುವುದಿಲ್ಲ.

ಡಿಫರೆನ್ಷಿಯಲ್: ಯಾರೂ ನೋಡದ ಅಂಕಿ

ಹಿಸ್ಟರಿಸಿಸ್, ಹೆಚ್‌ವೈ, ಡಿಫ್, ಹೀಗೆ ನಾನಾ ಹೆಸರು. ಅರ್ಥ ಇಷ್ಟು: ಬಾಯ್ಲರ್ 60ಕ್ಕೆ ಆಫ್ ಆದ ಮೇಲೆ ನೀರು ಎಷ್ಟು ಆರಿದರೆ ಮತ್ತೆ ಆನ್ ಆಗಬೇಕು? 5 ಎಂದು ಕೊಟ್ಟರೆ 55ಕ್ಕೆ ಆನ್.

ಒಂದು ಕಡೆ ಓನರ್ ಸಾಹೇಬರು "ನೀರು ಒಂದೇ ಸಮ ಇರಲಿ" ಎಂದು ಇದನ್ನು 1 ಮಾಡಿಸಿದ್ದರು. ಕಾಯಿಲಿಗೆ ಕರೆಂಟ್ ಕೊಟ್ಟು ಕಡಿಯುವ ದೊಡ್ಡ ಸ್ವಿಚ್ಚು, ಅಂದರೆ ಬೋರ್ಡಿನೊಳಗಿನ ಕಾಂಟ್ಯಾಕ್ಟರ್, ಹಗಲೂ ರಾತ್ರಿ ಟಕ್, ಟಕ್, ಟಕ್. ಪ್ರತಿ ಟಕ್‌ಗೂ ಒಂದೊಂದು ಫೇಸಿನಲ್ಲಿ 17 ಆಂಪಿಯರ್ ಹತ್ತಿ ಇಳಿಯಬೇಕು. ಪಾಯಿಂಟುಗಳು ಕಪ್ಪಾಗಿ, ಕರಗಿ, ಒಂದು ದಿನ ಅಂಟಿಕೊಂಡವು. ಅಂಟಿಕೊಂಡ ಕಾಂಟ್ಯಾಕ್ಟರಿಗೆ ಡಿಸ್‌ಪ್ಲೇ ಆಫ್ ಎಂದರೂ ಕಾಯಿಲ್ ಉರಿಯುತ್ತಲೇ ಇರುತ್ತದೆ. ಅಂದು ಟ್ಯಾಂಕ್ ಉಳಿದದ್ದು ನೀರು ಮಿತಿ ಮೀರಿ ಕಾದರೆ ತಾನೇ ಕರೆಂಟ್ ಕಡಿಯುವ ಮೆಕ್ಯಾನಿಕಲ್ ಕಟಾಫ್ (ಹೈ ಲಿಮಿಟ್) ಇದ್ದದ್ದರಿಂದ.

ಹಾಗೆಂದು 15 ಇಟ್ಟರೆ, ನೀರು 45ಕ್ಕೆ ಬರುವ ತನಕ ಬಾಯ್ಲರ್ ಏಳುವುದೇ ಇಲ್ಲ. ಕೊನೆಗೆ ಸ್ನಾನಕ್ಕೆ ಹೋದವರ ಪಾಲಿಗೆ ಉಗುರುಬೆಚ್ಚಗಿನದು. 1000 ಲೀಟರಿಗೆ 5 ಹದವಾದದ್ದು. ಸೆನ್ಸರ್ ತೀರ ಮೇಲೆ ಇದ್ದರೆ 4.

ಇಲ್ಲಿ ಒಂದು ಗೊಂದಲ ಇದೆ. ಕೆಲವು ಕಂಟ್ರೋಲರುಗಳಲ್ಲಿ 5 ಅಂದರೆ 55ಕ್ಕೆ ಆನ್, 60ಕ್ಕೆ ಆಫ್. ಇನ್ನು ಕೆಲವದರಲ್ಲಿ 55ಕ್ಕೆ ಆನ್, 65ಕ್ಕೆ ಆಫ್, ಎರಡೂ ಬದಿಗೆ ಐದೈದು. ನಿಮ್ಮದು ಯಾವುದು ಎಂದು ತಿಳಿಯಲು ಪುಸ್ತಕ ಬೇಕಿಲ್ಲ. ಒಂದು ಸ್ಟೂಲ್ ಹಾಕಿಕೊಂಡು ಬೋರ್ಡಿನ ಮುಂದೆ ಕೂತು, ಟಕ್ ಅಂದಾಗಲೆಲ್ಲ ಪಿವಿ ಬರೆದುಕೊಳ್ಳಿ. ಒಂದು ಆನ್, ಒಂದು ಆಫ್ ಸಾಕು.

ಟೈಮರ್: ನೀರು ಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಟೈಮರಿನಲ್ಲಿ ಬಾಯ್ಲರ್ ಎಷ್ಟಕ್ಕೆ ಶುರುವಾಗಬೇಕು ಎಂದು ಕೊಡುತ್ತೀರಿ. ಜನ ಎಷ್ಟಕ್ಕೆ ನೀರು ಬೇಕೋ ಅದೇ ಟೈಮ್ ಹಾಕಿಬಿಡುತ್ತಾರೆ. ಲೆಕ್ಕ ಮಾಡಿ ನೋಡಿ: ಒಂದು ಯೂನಿಟ್ ಕರೆಂಟಿನಲ್ಲಿ 860 ಲೀಟರ್ ನೀರು ಒಂದು ಡಿಗ್ರಿ ಏರುತ್ತದೆ. ಮಾಗಿ ಚಳಿಯಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು 20 ಡಿಗ್ರಿ ಎನ್ನಿ. 20ರಿಂದ 60ಕ್ಕೆ ಅಂದರೆ 40 ಡಿಗ್ರಿ. 1000 ಗುಣಿಸು 40, ಭಾಗಿಸು 860. ಸುಮಾರು 46 ಯೂನಿಟ್. 12 ಕಿಲೋವ್ಯಾಟಿನ ಕಾಯಿಲಿಗೆ ಹೆಚ್ಚುಕಮ್ಮಿ ನಾಲ್ಕು ಗಂಟೆ. ಐದಕ್ಕೆ ನೀರು ಬೇಕೆಂದರೆ ಒಂದಕ್ಕೆ ಶುರುವಾಗಬೇಕು. ಪೈಪು, ಟ್ಯಾಂಕಿನ ಮೈಯಿಂದ ಸೋರುವ ಶಾಖಕ್ಕೆ ಅರ್ಧ ಗಂಟೆ ಸೇರಿಸಿ, ಹನ್ನೆರಡೂವರೆ ಹಾಕಿ.

ಏಪ್ರಿಲಿನಲ್ಲಿ ಅದೇ ಟ್ಯಾಂಕಿನ ನೀರು 30 ಇರುತ್ತದೆ. ಆಗ ಮೂರು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಅಂದರೆ ಬೇಸಿಗೆಗೊಂದು, ಚಳಿಗೊಂದು ಟೈಮ್ ಬೇಕು. ವರ್ಷಕ್ಕೆ ಎರಡು ಸಲ, ಶಿವರಾತ್ರಿ ಆದ ಮೇಲೊಮ್ಮೆ ದೀಪಾವಳಿಗೊಮ್ಮೆ, ಬದಲಿಸಿದರೆ ಸಾಕು. ಧನುರ್ಮಾಸದಲ್ಲಿ ನಾಲ್ಕೂವರೆಗೇ ಸ್ನಾನ ಮಾಡಿ ದೇವಸ್ಥಾನಕ್ಕೆ ಹೊರಡುವವರಿದ್ದರೆ ಇನ್ನರ್ಧ ಗಂಟೆ ಹಿಂದಕ್ಕೆ. ಅದೇ ಕಾಲದಲ್ಲಿ ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು ಇಡೀ ಮಹಡಿ ಬುಕ್ ಮಾಡಿರುತ್ತಾರೆ. ಅವರಿಗೆ ತಣ್ಣೀರೇ ಆಗಬೇಕು, ಬಾಯ್ಲರಿಗೆ ರಜೆ.

ನೀರು ಸಾಲುತ್ತದೆಯೇ ಎನ್ನುವುದಕ್ಕೂ ಲೆಕ್ಕ ಇದೆ. 60ರ ನೀರಿಗೆ 20ರ ನೀರು ಸಮಸಮ ಬೆರೆಸಿದರೆ 40ರ ಸ್ನಾನದ ನೀರು, ಒಟ್ಟು 2000 ಲೀಟರ್. 24 ರೂಮು, ರೂಮಿಗೆ ಇಬ್ಬರು, ತಲೆಗೆ 40 ಲೀಟರ್, 1920. ಕಾಗದದ ಮೇಲೆ ಸರಿಹೋಯಿತು. ದಸರಾದಲ್ಲಿ ರೂಮಿಗೆ ನಾಲ್ಕು ಜನ ಮಲಗಿದಾಗ ಯಾವ ಮೆನುವೂ ಕಾಪಾಡುವುದಿಲ್ಲ. ಆ ಹತ್ತು ದಿನ ಟೈಮರನ್ನು ಬದಿಗಿಟ್ಟು ಮ್ಯಾನುಯಲ್ ಮೋಡಿನಲ್ಲಿ ಬಿಟ್ಟುಬಿಡಿ, ಡಿಗ್ರಿಯನ್ನು 65ಕ್ಕೆ ಏರಿಸಿ, ಹಬ್ಬ ಮುಗಿದ ಮೇಲೆ ಇಳಿಸುವುದನ್ನು ಮರೆಯಬೇಡಿ.

ಗಡಿಯಾರದ ಪುಟದಲ್ಲಿ 24 ಗಂಟೆಯ ಮಾದರಿ ಇದ್ದರೆ ಅದನ್ನೇ ಆರಿಸಿಕೊಳ್ಳಿ. ನನ್ನ ಮಳವಳ್ಳಿ ಹುಡುಗನ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು. ವಾರದ ದಿನಕ್ಕೆ 1ರಿಂದ 7 ಅಂಕಿ ಇರುತ್ತದೆ: ಕೆಲವದರಲ್ಲಿ 1 ಸೋಮವಾರ, ಕೆಲವದರಲ್ಲಿ ಭಾನುವಾರ. ಇವತ್ತು ಯಾವ ಅಂಕಿ ತೋರಿಸುತ್ತಿದೆ ನೋಡಿ ತಾಳೆ ಹಾಕಿ. ಕರೆಂಟ್ ಹೋಗಿ ಬಂದಾಗಲೆಲ್ಲ ಟೈಮ್ ಕೆಡುತ್ತಿದ್ದರೆ ಒಳಗಿನ ಬಟನ್ ಸೆಲ್ ಮುಗಿದಿದೆ. ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ಬದಲಿ ಮಾಡಿಸಿ.

ಪಂಪಿನ ಪುಟ

ಪಂಪಿನ ಟೈಮರ್ ಬಾಯ್ಲರಿನ ಟೈಮರಿಗಿಂತ ಬೇರೆ. ಬೆಳಗ್ಗೆ ಸ್ನಾನದ ಹೊತ್ತಿಗೆ ಕಾಲು ಗಂಟೆ ಮುಂಚೆ ಆನ್, ಒಂಬತ್ತೂವರೆಗೆ ಆಫ್. ಸಂಜೆ ಬೇಕಿದ್ದರೆ ಇನ್ನೊಂದು ಸಲ. ಇಡೀ ರಾತ್ರಿ ಓಡಿಸಿದರೆ ಮೂರು ಮಹಡಿಯ ಪೈಪುಗಳನ್ನು ಕರೆಂಟ್ ಖರ್ಚಿನಲ್ಲಿ ಬೆಚ್ಚಗಿಟ್ಟಂತೆ. ವಾಪಸ್ ಪೈಪಿನಲ್ಲಿ ಸೆನ್ಸರ್ ಇದ್ದರೆ ಅಲ್ಲಿ 40 ಮುಟ್ಟಿದ ಕೂಡಲೇ ಪಂಪು ನಿಲ್ಲುವಂತೆ ಕೊಡಿ.

ವಾರಕ್ಕೊಮ್ಮೆ ಕಾಯಿಸುವ ಸೈಕಲ್

ಲೀಜನೆಲ್ಲಾ ಅಥವಾ ಡಿಸ್‌ಇನ್‌ಫೆಕ್ಷನ್ ಎಂಬ ಪುಟ ಇದ್ದರೆ, ವಾರಕ್ಕೊಮ್ಮೆ ನೀರನ್ನು 65-70ಕ್ಕೆ ಏರಿಸಿ ಒಂದು ಗಂಟೆ ಹಿಡಿಯುವ ಸೌಲಭ್ಯ ಅದು. ಜನ ಕಡಿಮೆ ಇರುವ ದಿನದ ನಡುರಾತ್ರಿಗೆ ಹಾಕಿ, ಪಂಪೂ ಆಗ ಓಡುವಂತೆ ನೋಡಿ, ಇಲ್ಲದಿದ್ದರೆ ಟ್ಯಾಂಕ್ ಮಾತ್ರ ಶುದ್ಧ, ಪೈಪು ಹಾಗೇ. ಮಿಕ್ಸಿಂಗ್ ವಾಲ್ವ್ ಇಲ್ಲದ ಕಡೆ ಇದನ್ನು ಆನ್ ಮಾಡಲೇಬೇಡಿ. ನಡುರಾತ್ರಿ ಕೈತೊಳೆಯಲು ನಲ್ಲಿ ತಿರುಗಿಸಿದವರ ಕೈ ಬೇಯುತ್ತದೆ.

ಸೆನ್ಸರ್ ಸರಿ ಇದೆಯಾ? ಮೈಸೂರಿನಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ

ಆಫ್‌ಸೆಟ್ ಎಂಬ ಪುಟದಲ್ಲಿ ಸೆನ್ಸರಿನ ತಪ್ಪನ್ನು ಒಂದೆರಡು ಡಿಗ್ರಿ ಕೂಡಿಸಿ ಕಳೆದು ಸರಿಮಾಡಬಹುದು. ಇದಕ್ಕಾಗಿ ಸೆನ್ಸರನ್ನು ಕುದಿಯುವ ನೀರಿಗೆ ಇಳಿಬಿಟ್ಟು 100 ಬರಬೇಕು ಎಂದು ಕಾಯುವ ಮೆಕ್ಯಾನಿಕ್‌ಗಳಿದ್ದಾರೆ. ಬರುವುದು 97.5. ಎರಡೂವರೆ ಡಿಗ್ರಿ ತಪ್ಪು ಎಂದು ಆಫ್‌ಸೆಟ್ ಏರಿಸಿ ಹೋಗುತ್ತಾರೆ, ಅಲ್ಲಿಂದಾಚೆ ಬೋರ್ಡು 60 ಎಂದಾಗ ನೀರು 57.5. ಸೆನ್ಸರಿನ ತಪ್ಪಲ್ಲ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ. 300 ಮೀಟರಿಗೆ ಹತ್ತಿರಹತ್ತಿರ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಮಂಡ್ಯ ಇನ್ನಷ್ಟು ತಗ್ಗಿನಲ್ಲಿರುವುದರಿಂದ ಅಲ್ಲಿ ಕೂದಲೆಳೆ ಹೆಚ್ಚು.

ಐಸ್ ನೀರು ಈ ಕೆಲಸಕ್ಕೆ ಒಳ್ಳೆಯದು. ಲೋಟದ ತುಂಬ ಪುಡಿ ಐಸು, ಮುಳುಗುವಷ್ಟು ನೀರು, ಎರಡು ನಿಮಿಷ ಕಲಕಿ ಸೆನ್ಸರ್ ಅದ್ದಿ. ಸೊನ್ನೆ ಬರಬೇಕು. ಅದಕ್ಕೆ ಊರಿನ ಎತ್ತರದ ಹಂಗಿಲ್ಲ.

ಪಿಐಡಿ ಪುಟ ಕಂಡರೆ

ಪಿ, ಐ, ಡಿ, ಆಟೋ ಟ್ಯೂನ್ ಎಂಬ ಪುಟಗಳು ಕಂಡರೆ ಮುಂದಕ್ಕೆ ಹೋಗಿ. ಅವು ಔಷಧ ಕಾರ್ಖಾನೆಯ ಪಾತ್ರೆಗೆ ಬೇಕು. ಕಾಂಟ್ಯಾಕ್ಟರ್ ಇರುವ ಸಾವಿರ ಲೀಟರ್ ಟ್ಯಾಂಕಿಗೆ ಆನ್-ಆಫ್ ಮೋಡೇ ಸರಿ.

ಅಲಾರಂ ಬಂದಾಗ

ಕೋಡುಗಳು ಕಂಪನಿಗೊಂದು ಥರ. ಪುಸ್ತಕದ ಆ ಒಂದು ಹಾಳೆಯ ಜೆರಾಕ್ಸ್ ಮಾಡಿ ಬೋರ್ಡಿನ ಬಾಗಿಲಿಗೆ ಅಂಟಿಸಿ. ಕೋಡ್ ಯಾವುದೇ ಇರಲಿ, ಮೊದಲು ಟ್ಯಾಂಕಿಗೆ ನೀರು ಬರುತ್ತಿದೆಯೇ ನೋಡಿ. ಓವರ್‌ಹೆಡ್ ಖಾಲಿಯಾಗಿ ಕಾಯಿಲ್ ಬರಿದೆ ಉರಿದರೆ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಸೆನ್ಸರ್ ಫಾಲ್ಟ್ ಎಂದರೆ ಬಹುಪಾಲು ತಂತಿ ಸಡಿಲ, ಇಲ್ಲವೇ ಇಲಿ ಕಡಿದಿರುತ್ತದೆ.

ಹೈ ಲಿಮಿಟ್ ಕಟಾಫಿನ ಕೆಂಪು ಗುಂಡಿ ಎದ್ದು ಬಂದಿದ್ದರೆ ನೀರು ಆರಿದ ಮೇಲೆ ಒಮ್ಮೆ ಒತ್ತಿ ಕೂರಿಸಬಹುದು. ಎರಡನೇ ಸಲ ಎದ್ದರೆ ಮೇನ್ ಆಫ್ ಮಾಡಿ ಕರೆ ಮಾಡಿ. ಅದನ್ನು ಬೈಪಾಸ್ ಮಾಡಿ ತಂತಿ ಸೇರಿಸಿದ ಬೋರ್ಡು ಕಂಡರೆ ನಾನು ಬೇರೆ ಕೆಲಸ ಮುಟ್ಟುವುದಿಲ್ಲ, ಮೊದಲು ಆ ತಂತಿ ಬಿಚ್ಚುತ್ತೇನೆ.

ಅಲಾರಂ ಇಲ್ಲ, ಕಾಯಿಲ್ ದೀಪ ಉರಿಯುತ್ತಿದೆ, ನೀರು ಮಾತ್ರ ನಿಧಾನ ಕಾಯುತ್ತಿದೆ ಅಂದರೆ ಒಂದು ಫೇಸ್ ಹೋಗಿರುತ್ತದೆ. ಕಂಟ್ರೋಲರಿಗೆ ಸಿಕ್ಕುತ್ತಿರುವುದು ಇನ್ನೊಂದು ಫೇಸು, ಅದಕ್ಕೆ ಎಲ್ಲ ಕ್ಷೇಮ. ನ್ಯೂಟ್ರಲ್ ಸೇರಿಸಿ ಫೇಸಿಗೊಂದರಂತೆ ಕೊಟ್ಟ ಮೂರು ಕಾಯಿಲಿನಲ್ಲಿ ಎರಡೇ ಉರಿದರೆ 12 ಕಿಲೋವ್ಯಾಟ್ 8 ಆಗುತ್ತದೆ, ನಾಲ್ಕು ಗಂಟೆಯ ಕೆಲಸಕ್ಕೆ ಆರು ಗಂಟೆ. ಇದನ್ನು ಯಾವ ಮೆನುವೂ ಹೇಳುವುದಿಲ್ಲ. ಫೇಸ್ ಇಂಡಿಕೇಟರಿನ ಕೆಂಪು, ಹಳದಿ, ನೀಲಿ ದೀಪ ಮೂರೂ ಇವೆಯೇ ನೋಡುವುದೇ ದಾರಿ.

ಬೀಗ, ಚೀಟಿ

ಎಲ್ಲ ಮುಗಿದ ಮೇಲೆ ಕೀ ಲಾಕ್ ಪುಟಕ್ಕೆ ಹೋಗಿ ಸರ್ವಿಸ್ ಮೆನುವಿಗೆ ಬೀಗ ಹಾಕಿ. ಪಾಸ್‌ಕೋಡನ್ನು ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಬರೆಯಬೇಡಿ. ರಿಸೆಪ್ಷನ್ನಿನ ಲೆಡ್ಜರಿನ ಕೊನೆಯ ಹಾಳೆಯಲ್ಲಿ ಇರಲಿ. ವರ್ಷಕ್ಕೊಮ್ಮೆ ಟ್ಯಾಂಕಿನ ಅಡಿಯ ವಾಲ್ವ್ ಬಿಚ್ಚಿ ಗಷ್ಟು ಹೊರಬಿಡಬೇಕು. ನಾನಿದಕ್ಕೆ ನೀರು ತುಂಬುವ ಹಬ್ಬದ ಹಿಂದಿನ ವಾರವನ್ನು ಗೊತ್ತುಮಾಡಿಕೊಂಡಿದ್ದೇನೆ. ಹೇಗೂ ಮನೆಯಲ್ಲಿ ಹಂಡೆ ಉಜ್ಜುವ ಕಾಲ, ಓನರುಗಳಿಗೂ ಜ್ಞಾಪಕ ಇರುತ್ತದೆ.

ಮಳವಳ್ಳಿ ಹುಡುಗ ಈಗ ಬೋರ್ಡಿನ ಪಕ್ಕ ತಾನೇ ಬರೆದ ಚೀಟಿ ಅಂಟಿಸಿದ್ದಾನೆ, ಮೇಲೆ ಟ್ರಾನ್ಸ್‌ಪರೆಂಟ್ ಟೇಪು: "1. ಟೈಮ್ ನೋಡು. 2. ಪಂಪಿಗೆ ಕೈಯಿಟ್ಟು ನೋಡು, ಅದುರ್ತಾ ಅದಾ. 3. ಮೂರು ಲೈಟ್ ಅದಾವಾ. 4. ಆಮೇಲೆ ಅಣ್ಣಂಗೆ ಫೋನ್ ಮಾಡು. ಬಟನ್ ಮುಟ್ಟಬ್ಯಾಡ."

ನಾಲ್ಕನೆಯದರ ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿದೆ: "ಆರು ಗಂಟೆ ಆದ ಮೇಲೆ ಮಾಡು."